ಮುಂಬಯಿಯ ಮೂಡಣ ದಂಡೆ: ನಕ್ಷೆಯೂ ಗುತ್ತಿಗೆಪತ್ರವೂ

‘ಪುನರುಜ್ಜೀವನ’ವೆಂಬ ಶಬ್ದವು ನಗರಯೋಜಕರ ಬರೆಹಗಳಲ್ಲಿ ಬಳಕೆಯಿಂದ ಬಹಳ ಸವೆದಿದೆ. ಅದನ್ನು ಬಳಸುವವರು ತಮಗೆ ಅರಿವಿಲ್ಲದೆಯೇ ಒಂದು ತೀರ್ಪನ್ನು ಕೊಟ್ಟುಬಿಟ್ಟಿರುತ್ತಾರೆ. ಯಾವುದನ್ನು ಮರಳಿ ಬದುಕಿಸಲು ಹೊರಟಿರುವರೋ ಅದು ಸತ್ತುಹೋಗಿದೆಯೆಂಬುದೇ ಆ ತೀರ್ಪು. ಮುಂಬಯಿಯ ಪೂರ್ವದಿಕ್ಕಿನ ಸಮುದ್ರದಂಡೆಯನ್ನು ಕುರಿತು 2014ರಿಂದ ಈಚೆಗೆ ನಡೆದಿರುವ ಯೋಜನಾಕಾರ್ಯವನ್ನು ಪರಿಶೀಲಿಸುವವರಿಗೆ ಮೊದಲು ಎದುರಾಗುವ ತೊಡಕು ಇದೇ. ಫೋರ್ಟಿಗೆ ಹೊಂದಿಕೊಂಡ ಬ್ಯಾಲಾರ್ಡ್ ಎಸ್ಟೇಟಿನಿಂದ ತೊಡಗಿ ಕಾರ್ನಾಕ್ ಬಂದರ್, ಮಸೀದಿ ಬಂದರ್, ವಾಡಿ ಬಂದರ್, ಮಝಗಾಂವ್, ದಾರೂಖಾನಾ, ಕಾಟನ್ ಗ್ರೀನ್, ಶಿವಡಿಗಳನ್ನು ದಾಟಿ ವಡಾಳದವರೆಗೆ ಹಬ್ಬಿರುವ ಈ ನೆಲವನ್ನು, ಬಳಕೆ ತಪ್ಪಿ ಬಿದ್ದಿರುವ ಆಸ್ತಿಯೆಂದೇ ಪರಿಚಯಿಸುವುದು ವಾಡಿಕೆಯಾಗಿದೆ. ಬಂದರು ಮಂಡಳಿಯ ಒಡೆತನದಲ್ಲಿರುವ ಭೂಮಿ ಸುಮಾರು 1,800 ಎಕರೆಯೆಂದು ಲೆಕ್ಕ. ಇಷ್ಟು ವಿಸ್ತಾರವಾದ ನೆಲ, ಪೇಟೆಯ ನಡುಭಾಗಕ್ಕೆ ಇಷ್ಟು ಸಮೀಪದಲ್ಲಿ, ಒಂದೇ ಸಾರ್ವಜನಿಕ ಸಂಸ್ಥೆಯ ಕೈಯಲ್ಲಿ ಉಳಿದಿರುವುದು ದೊಡ್ಡ ನಗರಗಳಲ್ಲಿ ಅಪರೂಪ. ಅದನ್ನು ಏನು ಮಾಡಬೇಕೆಂಬ ಪ್ರಶ್ನೆಯು ಆದಕಾರಣ ಕೇವಲ ವಾಸ್ತುಶಿಲ್ಪಿಗಳಿಗೆ ಸೇರಿದುದಲ್ಲ.

ಈ ದಂಡೆಯ ಸ್ಥಳನಾಮಗಳನ್ನು ಓದಿದರೆ ಸಾಕು, ಅಲ್ಲಿ ಏನೇನು ನಡೆಯುತ್ತಿತ್ತೆಂಬುದು ಬಹುಮಟ್ಟಿಗೆ ತಿಳಿಯುತ್ತದೆ. ಲಕ್ಡಿ ಬಂದರಿನಲ್ಲಿ ಮರ, ಕೋಲ್ ಬಂದರಿನಲ್ಲಿ ಕಲ್ಲಿದ್ದಲು, ಹೇ ಬಂದರಿನಲ್ಲಿ ಒಣಹುಲ್ಲು. ದಾರೂಖಾನಾ ಎಂದೊಡನೆ ಸೆರೆಯಂಗಡಿಗಳ ಸಾಲನ್ನು ಊಹಿಸುವ ಹೊಸಬರಿಗೆ ಕೊರತೆಯಿಲ್ಲ; ಆದರೆ ಅಲ್ಲಿಯ ದಾರೂ ಮದ್ದುಗುಂಡಿಗೆ ಸಂಬಂಧಿಸಿದುದು. ಕಾಟನ್ ಗ್ರೀನ್ ಎಂಬ ಹೆಸರಂತೂ ತಾನೇ ವಲಸೆಗಾರ. ಫೋರ್ಟಿನ ಮೈದಾನದಿಂದ ಕೊಲಾಬಾಕ್ಕೆ, ಕೊಲಾಬಾದಿಂದ ಶಿವಡಿಯ ಬಳಿಗೆ, ಹತ್ತಿಯ ಪೇಟೆ ಹೋದಲ್ಲೆಲ್ಲ ಅದೂ ಹಿಂಬಾಲಿಸಿತು. ಇಂದು ಅಲ್ಲಿ ಹತ್ತಿಯ ಮೂಟೆಗಳ ಹಿಂದಿನ ಸಂಭ್ರಮವಿಲ್ಲ, ಹೆಸರು ಮಾತ್ರ ರೈಲು ನಿಲ್ದಾಣದ ಫಲಕದಲ್ಲಿ ನಿಂತಿದೆ.

ಹಾಗಾದರೆ ಈ ದಂಡೆ ನಿಜಕ್ಕೂ ಸತ್ತಿದೆಯೆ? ಕೊಲ್ಲಿಯ ಆಚೆ ದಡದಲ್ಲಿ ನ್ಹಾವಾ ಶೇವಾ ಬಂದರು 1989ರಲ್ಲಿ ಕೆಲಸ ಆರಂಭಿಸಿದ ಮೇಲೆ ಕಂಟೇನರುಗಳ ವ್ಯಾಪಾರವು ಅತ್ತ ಸರಿಯಿತೆಂಬುದು ನಿರ್ವಿವಾದ. ಆದರೆ ಮುಂಬಯಿ ಬಂದರು ಈಚಿನ ವರ್ಷಗಳಲ್ಲಿಯೂ ವರ್ಷಕ್ಕೆ ಆರು ಕೋಟಿ ಟನ್ನುಗಳಿಗಿಂತ ಹೆಚ್ಚು ಸರಕನ್ನು ನಿರ್ವಹಿಸಿದೆ. ಅದರ ಬಹುಭಾಗ ತೈಲ. ಜವಾಹರ ದ್ವೀಪದ ಧಕ್ಕೆಗಳಲ್ಲಿ ಇಳಿದು ಕೊಳವೆಗಳ ಮೂಲಕ ಸಾಗುವಂಥದು. ಆದುದರಿಂದ ಬಂದರು ಸತ್ತಿದೆಯೆನ್ನುವವರೂ, ಬಂದರು ಹಿಂದಿನಂತೆಯೇ ಇದೆಯೆನ್ನುವವರೂ ಅರ್ಧ ಸತ್ಯವನ್ನೇ ಹೇಳುತ್ತಾರೆ. ಹಡಗಿಗೂ ದಂಡೆಗೂ ಇದ್ದ ನಂಟು ಸಡಿಲಿದೆ, ಆದರೆ ದಂಡೆಯ ಮೇಲಿನ ದುಡಿಮೆ ನಿಂತಿಲ್ಲ. ಉಕ್ಕಿನ ತಗಡು, ಸರಪಳಿ, ಹಳೆಯ ಯಂತ್ರಗಳ ಬಿಡಿಭಾಗ, ಮರದ ದಿಮ್ಮಿ, ಧಾನ್ಯ, ಸಾಂಬಾರ ಪದಾರ್ಥ ಇವುಗಳ ವ್ಯಾಪಾರ ಇಂದಿಗೂ ಈ ಗೋದಾಮುಗಳಲ್ಲಿ ನಡೆಯುತ್ತಿದೆ. ನೌಕಾದಳದ ಮೊದಲ ವಿಮಾನವಾಹಕ ಹಡಗಾದ ‘ವಿಕ್ರಾಂತ’ವನ್ನು 2014ರಲ್ಲಿ ಒಡೆಯಲು ತೊಡಗಿದುದು ದಾರೂಖಾನೆಯ ಕೆಸರುದಂಡೆಯಲ್ಲಿಯೇ.

ಯೋಜಕರು ಇಂದು ಬಹುವಾಗಿ ಮೆಚ್ಚುವ ಮಾತೊಂದಿದೆ: ಮಿಶ್ರೋಪಯೋಗ. ವಾಸ, ವ್ಯಾಪಾರ, ಉದ್ಯೋಗ, ವಿಹಾರ ಇವು ಒಂದೇ ಕೇರಿಯಲ್ಲಿ ಬೆರೆತಿರಬೇಕು, ಜನರು ಕಾಲ್ನಡಿಗೆಯಲ್ಲಿಯೇ ಕೆಲಸಕ್ಕೆ ಹೋಗುವಂತಿರಬೇಕು ಎಂಬುದು ಅದರ ಸಾರಾಂಶ. ಇದು ಒಳ್ಳೆಯ ತತ್ತ್ವವೇ ಸರಿ. ಆದರೆ ಮಸೀದಿ ಬಂದರಿನ ಹಿಂದಣ ಓಣಿಗಳಲ್ಲಿ ಈ ತತ್ತ್ವವನ್ನು ಯಾರೂ ಬೋಧಿಸಬೇಕಾಗಿಲ್ಲ. ಕೆಳಗೆ ಗೋದಾಮು, ಅದರ ಬಾಯಲ್ಲಿ ಗುಮಾಸ್ತೆಯ ಮೇಜು, ಮೇಲೆ ಕೂಲಿಗಳು ಒಟ್ಟಾಗಿ ಬಾಡಿಗೆ ಹಿಡಿದ ಕೋಣೆ, ಎದುರಿಗೆ ಊಟದ ಖಾನಾವಳಿ, ಮೂಲೆಯಲ್ಲಿ ಕೈಗಾಡಿ ರಿಪೇರಿಯವನು. ಮಾಥಾಡಿಗಳೆಂದು ಕರೆಯುವ, ತಲೆಯ ಮೇಲೆ ಭಾರ ಹೊರುವ ಕೆಲಸಗಾರರು ಬೆಳಗಿನ ಉಪಾಹಾರಕ್ಕೆ ಉಡುಪಿ ಹೋಟೆಲನ್ನು ಹೊಕ್ಕು, ಅಲ್ಲಿಂದ ಹತ್ತು ಹೆಜ್ಜೆಯಲ್ಲಿ ಕೆಲಸಕ್ಕೆ ನಿಲ್ಲುತ್ತಾರೆ. ಇದು ಮಿಶ್ರೋಪಯೋಗವಲ್ಲದಿದ್ದರೆ ಇನ್ನಾವುದು? ಕೊಳಕಿದೆ, ಇಕ್ಕಟ್ಟಿದೆ, ಬೆಂಕಿಯ ಭಯವಿದೆ. ಇವನ್ನು ಅಲ್ಲಗಳೆಯುವುದು ಅಪ್ರಾಮಾಣಿಕವಾದೀತು. ಆದರೆ ಕೊಳಕನ್ನು ತೆಗೆಯುವುದು ಬೇರೆ, ಮಿಶ್ರಣವನ್ನು ತೆಗೆದು ಅದರ ಸ್ಥಾನದಲ್ಲಿ ಕಚೇರಿ, ಅಂಗಡಿ, ದುಬಾರಿ ವಸತಿಗಳ ಹೊಸ ಮಿಶ್ರಣವನ್ನು ತಂದಿಟ್ಟು ಎರಡಕ್ಕೂ ಒಂದೇ ಹೆಸರನ್ನು ಕೊಡುವುದು ಬೇರೆ. ನಕ್ಷೆಯಲ್ಲಿ ಎರಡಕ್ಕೂ ಬಳಿಯುವ ಬಣ್ಣ ಒಂದೇ ಎಂಬಲ್ಲಿಯೇ ನಕ್ಷೆಯ ದೋಷವಿದೆ.

ಮುಂಬಯಿಯ ಕನ್ನಡಿಗನಿಗೆ ಈ ದಂಡೆ ಪರಕೀಯವಲ್ಲವೆಂಬುದನ್ನು ಇಲ್ಲಿ ಪ್ರಾಸಂಗಿಕವಾಗಿ ನೆನೆಯಬಹುದು. ರೈಲುಮಾರ್ಗ ಬರುವುದಕ್ಕೆ ಮುಂಚೆ ಧಾರವಾಡ ಸೀಮೆಯ ಹತ್ತಿ ಘಟ್ಟವಿಳಿದು ಕುಮಟೆಯಲ್ಲಿ ಮಂಜಿಗಳನ್ನೇರಿ ಇಲ್ಲಿಗೆ ಬರುತ್ತಿತ್ತು. ‘ಕುಮಟಾ’ ಎಂಬುದು ಮುಂಬಯಿಯ ಪೇಟೆಯಲ್ಲಿ ಒಂದು ಜಾತಿಯ ಹತ್ತಿಯ ಹೆಸರಾಗಿಯೇ ನೆಲೆಸಿತು. ಮಂಗಳೂರು ಹಂಚು ಬಂದುದೂ ಸಮುದ್ರದ ದಾರಿಯಿಂದಲೇ. ಕೆನರಾ ಜಿಲ್ಲೆಗಳಿಂದ ಹೊಟ್ಟೆಪಾಡಿಗೆ ಹೊರಟ ಮೊದಲ ತಲೆಮಾರುಗಳಲ್ಲಿ ಅನೇಕರು ಆಗಬೋಟಿನಿಂದ ಇಳಿದು ಮುಂಬಯಿಯನ್ನು ಮೊದಲು ಕಂಡುದು ಈ ಮೂಡಣ ಮುಖದಲ್ಲಿ. ಬಂದರಿನ ಗೋಡೆಗೆ ಸಮಾನಾಂತರವಾಗಿ ಸಾಗುವ ಮುಖ್ಯ ರಸ್ತೆಗೆ ಹಿಂದೆ ಫ್ರೇರ್ ರೋಡೆಂದು ಹೆಸರಿತ್ತು. ಇಂದು ಅದು ಪಿ. ಡಿಮೆಲ್ಲೊ ಮಾರ್ಗ. ಮಂಗಳೂರು ಸೀಮೆಯಿಂದ ಬಂದು ಗೋದಿ ಕಾರ್ಮಿಕರ ಸಂಘವನ್ನು ಕಟ್ಟಿ, 1958ರಲ್ಲಿ ಇನ್ನೂ ನಡುವಯಸ್ಸಿನಲ್ಲಿಯೇ ತೀರಿಕೊಂಡ ಪ್ಲಾಸಿಡ್ ಡಿಮೆಲ್ಲೊ ಅವರ ಸ್ಮಾರಕವದು. ಜಾರ್ಜ್ ಫರ್ನಾಂಡಿಸರು ಮಂಗಳೂರಿನಿಂದ ಬಂದು ಸಂಘಟನೆಯ ಪಾಠ ಕಲಿತುದೂ ಅವರ ಬಳಿಯಲ್ಲಿ. ರಸ್ತೆಯ ಹೆಸರು ಉಳಿದು, ಯಾರ ಸಲುವಾಗಿ ಆ ಹೆಸರು ಬಂದಿತೋ ಆ ವರ್ಗ ಅಲ್ಲಿಂದ ಕಾಣೆಯಾಗುವ ಸಂಭವವನ್ನು ಕುರಿತು ಯೋಚಿಸಬೇಕಾದ ಹೊತ್ತು ಇದು.

ಯೋಜನೆಯನ್ನು ವಿಮರ್ಶಿಸುವವರು ಸಾಮಾನ್ಯವಾಗಿ ಚಿತ್ರಗಳನ್ನು ವಿಮರ್ಶಿಸುತ್ತಾರೆ: ವಿಹಾರಪಥ ಎಷ್ಟು ಅಗಲ, ಗೋಪುರ ಎಷ್ಟು ಎತ್ತರ. ಆದರೆ ಈ ದಂಡೆಯ ಇತಿಹಾಸವನ್ನು ಬಲ್ಲವರಿಗೆ, ಇಲ್ಲಿ ಮೊದಲಿನಿಂದಲೂ ನಿರ್ಣಾಯಕವಾದುದು ಚಿತ್ರವಲ್ಲ, ನೆಲದ ಪತ್ರ ಎಂಬುದು ಸ್ಪಷ್ಟವಾಗುತ್ತದೆ. ಇಂದಿನ ಬಂದರು ಭೂಮಿಯ ಮುಖ್ಯಭಾಗವೊಂದನ್ನು ಸಮುದ್ರದಿಂದ ಗಳಿಸಿದುದು ಖಾಸಗಿ ಕೂಟವಾದ ಎಲ್ಫಿನ್‌ಸ್ಟನ್ ಕಂಪನಿ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, 1861ರಿಂದ 1865ರವರೆಗೆ, ಹತ್ತಿಯ ಬೆಲೆ ಗಗನಕ್ಕೇರಿ ಮುಂಬಯಿಯಲ್ಲಿ ಹಣದ ಹುಚ್ಚುಹೊಳೆ ಹರಿಯಿತು; ಸಮುದ್ರವನ್ನು ತುಂಬಿ ನೆಲ ಮಾಡುವೆವೆಂದು ಹೊರಟ ಕಂಪನಿಗಳ ಷೇರುಗಳ ಮೇಲೆ ಸಾಲ ಕೊಡುವ ಪದ್ಧತಿ ಬೆಳೆಯಿತು. ಯುದ್ಧ ಮುಗಿಯಿತು, ಬೆಲೆ ಕುಸಿಯಿತು. ಆ ಷೇರುಗಳನ್ನು ಆಧಾರವಾಗಿ ಹಿಡಿದು ಸಾಲ ಕೊಟ್ಟಿದ್ದ ಬ್ಯಾಂಕ್ ಆಫ್ ಬಾಂಬೆ 1868ರಲ್ಲಿ ಮುಚ್ಚಿ, ಅದೇ ಹೆಸರಿನಲ್ಲಿ ಹೊಸದಾಗಿ ಹುಟ್ಟಬೇಕಾಯಿತು. ಇನ್ನೂ ನೀರಿನೊಳಗಿರುವ ನೆಲದ ಮೇಲೆ ಕೊಟ್ಟ ಸಾಲದ ಗತಿಯೇನೆಂಬುದಕ್ಕೆ ಬ್ಯಾಂಕಿಂಗ್ ಇತಿಹಾಸದಲ್ಲಿ ಇದಕ್ಕಿಂತ ಒಳ್ಳೆಯ ದೃಷ್ಟಾಂತ ದೊರೆಯುವುದು ಕಷ್ಟ. ನಗರದ ಹೆಬ್ಬಾಗಿಲಾದ ಬಂದರುಮುಖವು ಲಾಭಕ್ಕಾಗಿ ನಡೆಯುವ ಒಂದು ಕಂಪನಿಯ ಕೈಯಲ್ಲಿರುವುದು ಕ್ಷೇಮವಲ್ಲವೆಂದು ಕಂಡ ಸರಕಾರವು 1870ರ ಸುಮಾರಿಗೆ ಅದರ ಆಸ್ತಿಯನ್ನು ಕೊಂಡುಕೊಂಡಿತು. 1873ರಲ್ಲಿ ಬಂದರು ಟ್ರಸ್ಟ್ ಸ್ಥಾಪನೆಯಾಯಿತು. ಎಂದರೆ, ಈ ಭೂಮಿ ಸಾರ್ವಜನಿಕವಾದುದು ಆಕಸ್ಮಿಕವಾಗಿಯಲ್ಲ. ಖಾಸಗಿ ಒಡೆತನದ ಕಹಿಯನ್ನು ಉಂಡ ಮೇಲೆ, ಸಾರ್ವಜನಿಕ ಹಣವನ್ನು ತೆತ್ತು, ಬೇಕೆಂದೇ ಸಾರ್ವಜನಿಕಗೊಳಿಸಿದುದು.

ಆ ಬಳಿಕ ಟ್ರಸ್ಟ್ ಕಟ್ಟಿದುದು ಅಲ್ಪವಲ್ಲ. 1880ರಲ್ಲಿ ಪ್ರಿನ್ಸಸ್ ಡಾಕ್, 1888ರಲ್ಲಿ ವಿಕ್ಟೋರಿಯಾ ಡಾಕ್, 1914ರಲ್ಲಿ ಅಲೆಕ್ಸಾಂಡ್ರಾ ಡಾಕ್. ಈ ಕೊನೆಯದನ್ನು ಅಗೆಯುವಾಗ ಬಂದ ಮಣ್ಣುಕಲ್ಲುಗಳಿಂದ ತುಂಬಿದ 22 ಎಕರೆ ನೆಲದ ಮೇಲೆ 1914ರಿಂದ 1918ರವರೆಗೆ ಎದ್ದುದೇ ಬ್ಯಾಲಾರ್ಡ್ ಎಸ್ಟೇಟ್. ಟ್ರಸ್ಟಿನ ಮೊದಲ ಅಧ್ಯಕ್ಷ ಕರ್ನಲ್ ಬ್ಯಾಲಾರ್ಡನ ಹೆಸರು ಅದಕ್ಕೆ. ವಿನ್ಯಾಸ ಗೇಟ್‌ವೇ ಆಫ್ ಇಂಡಿಯಾವನ್ನು ರಚಿಸಿದ ಜಾರ್ಜ್ ವಿಟೆಟ್ಟನದು. ಬೇರೆಬೇರೆ ಕಂಪನಿಗಳು ಬೇರೆಬೇರೆ ಕಟ್ಟಡಗಳನ್ನು ಕಟ್ಟಿದರೂ ಬೀದಿಗೆ ಬೀದಿಯೇ ಒಂದೇ ಮೈಕಟ್ಟಿನದಾಗಿ ಕಾಣುತ್ತದೆ. ಎತ್ತರ ಒಂದು, ಮುಖರೇಖೆ ಒಂದು. ಇದನ್ನು ಮೆಚ್ಚುವವರು ವಿಟೆಟ್ಟನ ಪ್ರತಿಭೆಯನ್ನು ಮೆಚ್ಚುತ್ತಾರೆ. ಮೆಚ್ಚಬೇಕಾದುದೇ. ಆದರೆ ಪ್ರತಿಭೆಯೊಂದರಿಂದಲೇ ಅಕ್ಕಪಕ್ಕದ ಹತ್ತು ಕಂಪನಿಗಳು ಒಂದೇ ಎತ್ತರದಲ್ಲಿ ನಿಲ್ಲುವುದಿಲ್ಲ. ನೆಲದ ಒಡೆತನ ಟ್ರಸ್ಟಿನಲ್ಲಿಯೇ ಉಳಿದು, ವ್ಯವಹಾರದಲ್ಲಿ ಲೀಸೆಂದು ಕರೆಯುವ ಗುತ್ತಿಗೆಯ ಮೂಲಕ ನಿವೇಶನಗಳು ಹೋದುದರಿಂದ ಶಿಲ್ಪಿಯ ಗೆರೆಗೆ ಒಡೆಯನ ಬಲ ಸಿಕ್ಕಿತು. ಈ ಎಸ್ಟೇಟಿನ ಕೊರತೆಯನ್ನೂ ಹೇಳಿಬಿಡಬೇಕು. ಅಲ್ಲಿ ಮನೆಗಳಿಗೆ ಸ್ಥಾನವಿರಲಿಲ್ಲ. ಸಂಜೆ ಕಚೇರಿಗಳು ಮುಚ್ಚಿದೊಡನೆ ಆ ಸುಂದರವಾದ ಬೀದಿಗಳಲ್ಲಿ ಕಾವಲುಗಾರರ ಹೊರತು ಮನುಷ್ಯಸಂಚಾರ ವಿರಳ. ಒಂದೇ ಮೈಲಿಯ ಉತ್ತರಕ್ಕೆ ಮಸೀದಿ ಬಂದರಿನಲ್ಲಿ ರಾತ್ರಿ ಹತ್ತಕ್ಕೂ ಗಾಡಿಗಳ ಸದ್ದು ಅಡಗಿರುವುದಿಲ್ಲ. ಅಂದವಿರುವಲ್ಲಿ ವಾಸವಿಲ್ಲ, ವಾಸವಿರುವಲ್ಲಿ ಅಂದವಿಲ್ಲ. ಎರಡನ್ನೂ ಕಟ್ಟಿದ, ಎರಡನ್ನೂ ಗುತ್ತಿಗೆಗೆ ಕೊಟ್ಟ ಸಂಸ್ಥೆ ಮಾತ್ರ ಒಂದೇ.

ದಂಡೆಯು ನಿಜವಾಗಿ ಸತ್ತು ಬದುಕಿದ ಸಂದರ್ಭವೂ ಒಂದುಂಟು. 1944ರ ಏಪ್ರಿಲ್ 14ರಂದು ವಿಕ್ಟೋರಿಯಾ ಡಾಕಿನಲ್ಲಿ ಹತ್ತಿಯ ಜೊತೆಗೆ ಸ್ಫೋಟಕಗಳನ್ನು ಹೇರಿಕೊಂಡು ನಿಂತಿದ್ದ ‘ಫೋರ್ಟ್ ಸ್ಟಿಕೀನ್’ ಹಡಗು ಸಿಡಿದು, 66 ಮಂದಿ ಅಗ್ನಿಶಾಮಕ ಸಿಬ್ಬಂದಿಯೂ ನೂರಾರು ಕಾರ್ಮಿಕರೂ ನಿವಾಸಿಗಳೂ ಮಡಿದರು; ಸುತ್ತಣ ಗೋದಾಮುಗಳೂ ಕೇರಿಗಳೂ ಬೂದಿಯಾದುವು. ಸಾವಿರಾರು ಜನರು ತಿಂಗಳುಗಟ್ಟಲೆ ದುಡಿದು ಅವಶೇಷಗಳನ್ನು ಸರಿಸಿ ಆ ಗೋದಿಗಳನ್ನು ಮತ್ತೆ ಹಡಗುಗಳಿಗೆ ಒಪ್ಪಿಸಿದರು. ಅದು ಪುನರುಜ್ಜೀವನ. ಇದಕ್ಕೆ ವ್ಯತಿರಿಕ್ತವಾಗಿ, 2007ರಲ್ಲಿ ಒಪ್ಪಂದವಾದ ಕಂಟೇನರ್ ಟರ್ಮಿನಲ್ಲಿನ ಸಲುವಾಗಿ ವಿಕ್ಟೋರಿಯಾ ಡಾಕನ್ನು ತುಂಬಿಸಲಾಯಿತು. ಆದರೆ ನಿರೀಕ್ಷಿಸಿದ ಕಂಟೇನರುಗಳು ಬರಲಿಲ್ಲ. ವಿದೇಶಕ್ಕೆ ಹೋಗಬೇಕಾದ ಮೋಟಾರುಕಾರುಗಳಿಗೂ ಉಕ್ಕಿಗೂ ಆ ಸೌಕರ್ಯ ಒದಗಿತು. ಸ್ಫೋಟವು ಅಳಿಸಲಾರದೆ ಹೋದುದನ್ನು ಒಂದು ಯೋಜನೆ ಅಳಿಸಿತು. ಯೋಜನೆಗಳು ತಪ್ಪುವುದುಂಟು, ಅದೇನೂ ವಿಶೇಷವಲ್ಲ. ತುಂಬಿಸಿದ ನೀರನ್ನು ಮರಳಿ ತರಲಾಗದೆಂಬುದಷ್ಟೇ ಇಲ್ಲಿ ಗಮನಾರ್ಹ.

ಈಗ ಪ್ರಕೃತ ಯೋಜನೆಗೆ ಬರಬಹುದು. 2014ರಲ್ಲಿ ಕೇಂದ್ರ ಸರಕಾರದ ನೌಕಾಯಾನ ಸಚಿವಾಲಯವು ಬಂದರು ಟ್ರಸ್ಟಿನ ಮಾಜಿ ಅಧ್ಯಕ್ಷೆ ರಾಣಿ ಜಾಧವ್ ಅವರ ನೇತೃತ್ವದಲ್ಲಿ ಒಂದು ಸಮಿತಿಯನ್ನು ನೇಮಿಸಿತು. ಬಳಿಕ 2018ರಲ್ಲಿ ಟ್ರಸ್ಟನ್ನೇ ತನ್ನ ಭೂಮಿಗೆ ವಿಶೇಷ ಯೋಜನಾ ಪ್ರಾಧಿಕಾರವೆಂದು ರಾಜ್ಯ ಸರಕಾರ ಘೋಷಿಸಿತು. ಆ ವರ್ಷದ ಕೊನೆಗೆ ಕರಡು ಯೋಜನೆ ಪ್ರಕಟವಾಗಿ ನಾಗರಿಕರ ಆಕ್ಷೇಪಣೆಗಳನ್ನು ಆಹ್ವಾನಿಸಲಾಯಿತು. 2021ರ ಕಾನೂನಿನಿಂದ ಟ್ರಸ್ಟ್ ಹೋಗಿ ಅದರ ಸ್ಥಾನದಲ್ಲಿ ಬಂದರು ಪ್ರಾಧಿಕಾರ ಬಂದಿತು. ಈ ವರ್ಷಗಳಲ್ಲಿ ಜನರ ಕಿವಿಗೆ ಬಿದ್ದ ಮಾತುಗಳಲ್ಲಿ ಹೆಚ್ಚಿನವು ವಿಹಾರನೌಕೆಗಳ ತಂಗುದಾಣ, ಪ್ರವಾಸಿಹಡಗುಗಳ ನಿಲ್ದಾಣ, ಶಿವಡಿಯಿಂದ ಘಾರಾಪುರಿಯ ಎಲಿಫೆಂಟಾಕ್ಕೆ ಸಮುದ್ರದ ಮೇಲೆ ತೂಗುವ ಹಗ್ಗದಾರಿ ಮೊದಲಾದುವು. ಗೋದಾಮಿನ ಮೇಲಣ ಕೋಣೆಯ ಬಾಡಿಗೆದಾರನ ಮಾತು ಅಷ್ಟಾಗಿ ಕೇಳಿಬರಲಿಲ್ಲ.

ಸಾರ್ವಜನಿಕರಿಗೆ ನೀರಿನ ಅಂಚು ಬೇಕು ಎಂಬ ಆಶಯವನ್ನು ಲಘುವಾಗಿ ಕಾಣಲಾಗದು. ನೂರೈವತ್ತು ವರ್ಷಗಳಿಂದ ಬಂದರಿನ ಗೋಡೆಯು ನಗರವನ್ನು ತನ್ನದೇ ಸಮುದ್ರದಿಂದ ಬೇರ್ಪಡಿಸಿದೆ. ಹಾರ್ಬರ್ ರೈಲುಮಾರ್ಗದ ಮಸೀದಿಯಿಂದ ಶಿವಡಿಯವರೆಗಿನ ನಿಲ್ದಾಣಗಳು ಸಮುದ್ರಕ್ಕೆ ಅತಿ ಸಮೀಪದವು. ರೇ ರೋಡಿಗೆ 1910ರಲ್ಲಿಯೇ ರೈಲು ಬಂದಿತು, 1925ರಲ್ಲಿ ವಿದ್ಯುತ್ ರೈಲು ವಿಕ್ಟೋರಿಯಾ ಟರ್ಮಿನಸ್ಸನ್ನು ಮುಟ್ಟಿತು. ಆದರೂ ಹಾರ್ಬರ್ ಎಂಬ ಹೆಸರಿನ ಈ ಗಾಡಿಯಲ್ಲಿ ನಿತ್ಯ ಓಡಾಡುವವರಲ್ಲಿ ಎಷ್ಟು ಮಂದಿ ಅಲ್ಲಿ ಇಳಿದು ಹಾರ್ಬರನ್ನು ಕಂಡಿದ್ದಾರೆ? ಹಳಿಯ ಮೂಡಣಕ್ಕೆ ದಾಟುವ ಒಳ್ಳೆಯ ಕಾಲುದಾರಿಗಳಿದ್ದರೆ ಅರ್ಧ ಕೆಲಸ ಆದಂತೆಯೇ. ಅಂಥ ಅಲ್ಪವೆಚ್ಚದ ಕಾರ್ಯಗಳಿಗೆ ಚಿತ್ರದಲ್ಲಿ ಮೆರುಗು ಬರುವುದಿಲ್ಲವೆಂಬುದು ಬೇರೆ ಮಾತು.

ಆಕ್ಷೇಪವಿರುವುದು ಮೂಲ ರಚನೆಯಲ್ಲಿ. ನೆಲದ ಒಡೆಯನೂ, ಆ ನೆಲದ ಮೇಲೆ ಏನನ್ನು ಎಷ್ಟು ಕಟ್ಟಬಹುದೆಂದು ವಿಧಿಸುವ ಯೋಜನಾಧಿಕಾರಿಯೂ, ಆ ವಿಧಿಯಿಂದ ಹೆಚ್ಚುವ ಬೆಲೆಯನ್ನು ಅನುಭವಿಸುವವನೂ ಒಬ್ಬನೇ ಆದರೆ, ಅವನ ನಿರ್ಣಯವನ್ನು ಮತ್ತೊಬ್ಬರು ತೂಗಿನೋಡಲು ಏರ್ಪಾಡಿರಬೇಕು. ಆಕ್ಷೇಪಣೆಗಳನ್ನು ಆಲಿಸುವ ವಿಧಿ ಕಾನೂನಿನಲ್ಲಿದೆಯಾದರೂ ಆ ಆಲಿಕೆ ಬಣ್ಣದ ನಕ್ಷೆಗೆ ಸಂಬಂಧಿಸಿದುದು. ಗುತ್ತಿಗೆಯ ಕರಾರುಗಳಿಗೆ ಸಂಬಂಧಿಸಿದುದಲ್ಲ. ಜನಜೀವನವನ್ನು ನಿರ್ಣಯಿಸುವುದಾದರೋ ಆ ಕರಾರುಗಳೇ.

ಈ ದಂಡೆಯ ಜೀರ್ಣಾವಸ್ಥೆಗೆ ಕಾರಣವನ್ನು ಹುಡುಕಿದರೂ ಅಲ್ಲಿಗೇ ಬರಬೇಕಾಗುತ್ತದೆ. ಹಳೆಯ ದೀರ್ಘಾವಧಿ ಗುತ್ತಿಗೆಗಳಲ್ಲಿ ಅನೇಕವು ಅವಧಿ ಮುಗಿದು ನವೀಕರಣವಿಲ್ಲದೆ ನಿಂತಿವೆ. ಉಳಿದವರಲ್ಲಿ ತಿಂಗಳ ಬಾಡಿಗೆಯವರುಂಟು, ಅವರಿಂದ ಒಳಬಾಡಿಗೆಗೆ ಹಿಡಿದವರುಂಟು, ಯಾವ ಪತ್ರವೂ ಇಲ್ಲದ ಗುಡಿಸಲುವಾಸಿಗಳುಂಟು. ಅವಧಿ ಮುಗಿದ ಗುತ್ತಿಗೆಪತ್ರವನ್ನು ಆಧಾರವಾಗಿ ಹಿಡಿದು ಯಾವ ಬ್ಯಾಂಕೂ ಸಾಲ ಕೊಡದು. ಕೊಡುವುದು ಉಚಿತವೂ ಅಲ್ಲ. ಸಾಲವಿಲ್ಲದೆ ದುರಸ್ತಿಯಿಲ್ಲ. ನಾಳೆ ಎಬ್ಬಿಸಿದರೆ ಎಂಬ ಭಯವಿರುವವನು ಸ್ವಂತ ಹಣವನ್ನಾದರೂ ಪರರ ಗೋಡೆಗೆ ಏಕೆ ಬಳಿದಾನು? ಹೀಗೆ ಮಾಡು ಸೋರಿತು, ತೊಲೆ ಕೊಳೆಯಿತು, ಮೇಲ್ಮಹಡಿ ಬಿರಿಯಿತು. ಹೊರಗಿನಿಂದ ನೋಡಿದ ಯೋಜಕನು ಕಟ್ಟಡದ ಮುಪ್ಪನ್ನು ಕಂಡು ಕೇರಿಯೇ ಮುಪ್ಪಾಗಿದೆಯೆಂದು ಬರೆದನು. ವಾಸ್ತವದಲ್ಲಿ ಮುಪ್ಪಾಗಿದ್ದುದು ಪತ್ರ. ಬಾಡಿಗೆಯ ಏರಿಕೆಯನ್ನು ಕುರಿತು ಟ್ರಸ್ಟಿಗೂ ಅದರ ಒಕ್ಕಲುಗಳಿಗೂ ದಶಕಗಳ ಕಾಲ ನಡೆದ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು 2004ರಲ್ಲಿ ತೀರ್ಪು ಕೊಟ್ಟಿತು. ಸಾರ್ವಜನಿಕ ಸಂಸ್ಥೆಯು ನ್ಯಾಯವಾದ ಬಾಡಿಗೆಯನ್ನು ಪಡೆಯಬಹುದು. ಆದರೆ ಖಾಸಗಿ ಜಮೀನುದಾರನಂತೆ ಸುಲಿಗೆಯ ದೃಷ್ಟಿಯಿಂದ ವರ್ತಿಸಲಾಗದು, ಅದರ ನಡೆ ವಿವೇಕಯುತವಾಗಿರಬೇಕು ಎಂಬುದು ಅದರ ತಾತ್ಪರ್ಯ. ಒಡೆತನದ ಜೊತೆಗೆ ಹೊಣೆಯನ್ನು ಹೇಳಿದ ಈ ತೀರ್ಪಿನಿಂದಲೇ ಯೋಜನೆ ಆರಂಭವಾಗಬಹುದಾಗಿತ್ತು. ಒಂದೊಂದು ಗೋದಾಮಿನ ಒಕ್ಕಲುಗಳು ಸಹಕಾರ ಸಂಘವಾಗಿ ಕೂಡಿದರೆ ಅವರಿಗೆ ನಿಶ್ಚಿತ ಅವಧಿಯ ಹೊಸ ಗುತ್ತಿಗೆ, ಆ ಗುತ್ತಿಗೆಯ ಆಧಾರದ ಮೇಲೆ ದುರಸ್ತಿಯ ಸಾಲ, ಸಾಲದ ಜೊತೆಗೆ ಕಟ್ಟಡದ ಎತ್ತರ, ಅಗ್ನಿರಕ್ಷಣೆಗಳ ನಿಬಂಧನೆ: ಇಷ್ಟನ್ನು ಮಾಡಲು ಪರದೇಶದ ಯಾವ ಮಾದರಿಯೂ ಬೇಕಾಗಿಲ್ಲ.

ಹೀಗೆ ಮಾಡದಿದ್ದರೆ ಏನಾಗುವುದೆಂಬುದಕ್ಕೆ ಉದಾಹರಣೆ ಈ ದಂಡೆಯಿಂದ ಒಂದೆರಡು ಮೈಲಿ ಪಡುವಣಕ್ಕಿದೆ. ಗಿರಣಗಾಂವಿನ 58 ಹತ್ತಿಗಿರಣಿಗಳ ಸುಮಾರು 600 ಎಕರೆ ನೆಲವನ್ನು ಕುರಿತು 1991ರ ನಿಯಮವು ಮೂರು ಪಾಲನ್ನು ಹೇಳಿತ್ತು: ಒಂದು ಪಾಲು ನಗರದ ಬಯಲಿಗೆ, ಒಂದು ಸಾರ್ವಜನಿಕ ವಸತಿಗೆ, ಒಂದು ಒಡೆಯರಿಗೆ. 2001ರಲ್ಲಿ ಅದನ್ನು ತಿದ್ದಿ, ಪಾಲು ಮಾಡಬೇಕಾದುದು ಕಟ್ಟಡವಿಲ್ಲದ ಖಾಲಿ ನೆಲವನ್ನು ಮಾತ್ರ ಎಂದಾಯಿತು. ಗಿರಣಿಯ ಆವರಣದಲ್ಲಿ ಕಟ್ಟಡವಿಲ್ಲದ ನೆಲ ಎಷ್ಟಿದ್ದೀತು! ಹೈಕೋರ್ಟು ಈ ತಿದ್ದುಪಡಿಯ ವಿರುದ್ಧ ನಿಂತರೂ ಸುಪ್ರೀಂ ಕೋರ್ಟು 2006ರ ಮಾರ್ಚಿನಲ್ಲಿ ಅದನ್ನು ಎತ್ತಿಹಿಡಿಯಿತು. ನಕ್ಷೆಯಲ್ಲಿ ಒಂದು ಗೆರೆಯೂ ಬದಲಾಗಲಿಲ್ಲ, ಒಂದು ಪದದ ವ್ಯಾಖ್ಯೆ ಬದಲಾಯಿತು. ಅಷ್ಟರಿಂದಲೇ ಕಾರ್ಮಿಕರ ವಸತಿಯೂ ಮಕ್ಕಳ ಆಟದ ಬಯಲೂ ಕುಗ್ಗಿಹೋದುವು. ಬಂದರಿನ ಭೂಮಿಗೂ ಗಿರಣಿಯ ಭೂಮಿಗೂ ಇರುವ ಭೇದವೆಂದರೆ, ಗಿರಣಿಗಳಲ್ಲಿ ಬಹುಪಾಲು ಖಾಸಗಿ ಒಡೆಯರಿಂದ ಪಾಲನ್ನು ಕೇಳಿ ಪಡೆಯಬೇಕಾಗಿತ್ತು. ಇಲ್ಲಿ ಕೇಳಬೇಕಾದ ಒಡೆಯ ಸರಕಾರವೇ. ಅಲ್ಲಿ ತಪ್ಪಿದುದಕ್ಕೆ ನ್ಯಾಯಾಲಯವನ್ನು ಹೊಣೆ ಮಾಡಬಹುದು, ಇಲ್ಲಿ ತಪ್ಪಿದರೆ ಆ ನೆಪವೂ ಸಿಗಲಾರದು.

ಲಂಡನ್ನಿನ ಗೋದಿಪ್ರದೇಶವನ್ನು ಅನುಕರಣೀಯವೆಂದು ಹೇಳುವವರಿದ್ದಾರೆ. 1981ರಲ್ಲಿ ಸ್ಥಾಪಿತವಾದ ಅಭಿವೃದ್ಧಿ ನಿಗಮವು ಸ್ಥಳೀಯ ಪೌರಸಭೆಗಳ ಯೋಜನಾಧಿಕಾರವನ್ನು ತಾನೇ ವಹಿಸಿಕೊಂಡು, ದೊಡ್ಡ ಬಂಡವಾಳಗಾರರಿಗೆ ಬಾಗಿಲು ತೆರೆಯಿತು. ಕ್ಯಾನರಿ ವಾರ್ಫಿನ ಗೋಪುರಗಳು ಎದ್ದುವು. ಅವನ್ನು ಕಟ್ಟಿಸಿದ ಕಂಪನಿ 1992ರಲ್ಲಿ ಸಾಲದ ಭಾರಕ್ಕೆ ಕುಸಿಯಿತು, ಸಾಲ ಕೊಟ್ಟ ಬ್ಯಾಂಕುಗಳು ತಲೆಯ ಮೇಲೆ ಕೈಹೊತ್ತವು. ಭೂಗರ್ಭ ರೈಲು ಅಲ್ಲಿಗೆ ತಲುಪಿದುದು 1999ರಲ್ಲಿ, ನಿಗಮವು ಮುಚ್ಚಿದ ಮೇಲೆ. ಈಗ ಅದು ಸಮೃದ್ಧವಾಗಿದೆಯೆಂಬುದು ನಿಜ. ಆದರೆ ಗೋದಿಯಲ್ಲಿ ದುಡಿದವರ ಮಕ್ಕಳು ಆ ಸಮೃದ್ಧಿಯಲ್ಲಿ ಎಷ್ಟು ಪಾಲನ್ನು ಕಂಡರೆಂಬುದು ಅಲ್ಲಿ ಇಂದಿಗೂ ಚರ್ಚೆಯ ವಿಷಯ. ಮುಂಬಯಿಯಲ್ಲಿ 1860ರ ದಶಕದ ಪಾಠವಿರುವಾಗ ಈ ಪಾಠಕ್ಕಾಗಿ ಥೇಮ್ಸ್ ನದಿಯವರೆಗೆ ಹೋಗುವ ಅಗತ್ಯವೇನೂ ಇರಲಿಲ್ಲ.

ಬಂದರು ಪ್ರಾಧಿಕಾರದ ಕಷ್ಟವನ್ನೂ ನ್ಯಾಯವಾಗಿ ಗಮನಿಸತಕ್ಕದ್ದು. ಹಿಂದೊಮ್ಮೆ ಕಿಕ್ಕಿರಿದಿದ್ದ ನೌಕರವರ್ಗ ಕ್ಷೀಣಿಸಿದೆ. ಅವರ ನಿವೃತ್ತಿವೇತನದ ಭಾರ ಉಳಿದಿದೆ. ಭೂಮಿಯಿಂದ ಆದಾಯ ಬೇಕೆನ್ನುವುದು ದುರಾಶೆಯಲ್ಲ. ಡಿಮೆಲ್ಲೊ ಅವರ ಕಾಲದಲ್ಲಿ ಹೋರಾಡಿ ಪಡೆದ ಹಕ್ಕುಗಳನ್ನು ಸಲ್ಲಿಸುವುದಕ್ಕೂ ಹಣ ಬೇಕು. ಪ್ರಶ್ನೆಯಿರುವುದು ಆ ಆದಾಯ ಯಾವ ರೂಪದಲ್ಲಿ ಬರಬೇಕೆಂಬುದರಲ್ಲಿ. ಒಂದೇ ಸಲಕ್ಕೆ ದೊಡ್ಡ ಮೊತ್ತವನ್ನು ಮುಂಗಡವಾಗಿ ಪಡೆದು ಬಹುಕಾಲದ ಗುತ್ತಿಗೆಯನ್ನು ಬರೆದುಕೊಟ್ಟರೆ ಆ ವರ್ಷದ ಲೆಕ್ಕಪತ್ರ ಕಂಗೊಳಿಸುತ್ತದೆ. ಮರುವರ್ಷದಿಂದ ನೆಲದ ಬೆಲೆಯ ಏರಿಕೆಯೆಲ್ಲ ಗುತ್ತಿಗೆದಾರನದು. ಆ ಮೊತ್ತವನ್ನು ಮರಳಿ ಪಡೆಯಬೇಕಾದ ಗುತ್ತಿಗೆದಾರನು ಅಲ್ಲಿ ಸರಪಳಿಯ ಅಂಗಡಿಯನ್ನೋ ಕೂಲಿಗಳ ಕೋಣೆಯನ್ನೋ ಇಟ್ಟುಕೊಳ್ಳುವನೆಂದು ನಿರೀಕ್ಷಿಸುವುದು ಲೆಕ್ಕವನ್ನು ಅರಿಯದವರ ಮಾತು. ಅದಕ್ಕೆ ಬದಲಾಗಿ ವರ್ಷಂಪ್ರತಿಯ ನೆಲಬಾಡಿಗೆ, ನಿಯತಕಾಲದಲ್ಲಿ ಅದರ ಪರಿಷ್ಕರಣೆ, ಬಳಕೆಗೆ ತಕ್ಕಂತೆ ದರದಲ್ಲಿ ಭೇದ—ಕಚೇರಿಗೆ ಹೆಚ್ಚು, ಕಾರ್ಖಾನೆಗೆ ಕಡಿಮೆ, ಕೆಲಸಗಾರರ ವಸತಿಗೆ ಅತಿ ಕಡಿಮೆ—ಎಂದು ನಿಗದಿಯಾದರೆ ಆದಾಯ ನಿಧಾನವಾಗಿ ಬಂದರೂ ನಿಲ್ಲದೆ ಬರುತ್ತದೆ. ನಿವೃತ್ತಿವೇತನವೂ ಪ್ರತಿ ತಿಂಗಳು ಸಲ್ಲುವ ಖರ್ಚೇ. ಅದಕ್ಕೆ ಒದಗಬೇಕಾದುದು ಪ್ರತಿ ತಿಂಗಳು ಬರುವ ಹುಟ್ಟುವಳಿ. ಮಿಶ್ರೋಪಯೋಗವು ನಕ್ಷೆಯ ಬಣ್ಣದಿಂದಲ್ಲ, ಇಂಥ ದರಪಟ್ಟಿಯಿಂದ ಉಳಿಯುತ್ತದೆ.

ಗುಡಿಸಲುವಾಸಿಗಳ ವಿಷಯ ಇನ್ನೂ ಜಟಿಲವಾದುದು. ಭೂಮಿ ಕೇಂದ್ರ ಸರಕಾರಕ್ಕೆ ಸೇರಿದ ಸಂಸ್ಥೆಯದಾದ್ದರಿಂದ ರಾಜ್ಯದ ಕೊಳೆಗೇರಿ ಪುನರ್ವಸತಿ ಯೋಜನೆ ಅಲ್ಲಿ ತಾನಾಗಿ ಅನ್ವಯಿಸದು. ಎರಡು ಸರಕಾರಗಳ ನಡುವೆ ಅವರು ಯಾರ ಪ್ರಜೆಗಳೆಂದು ತಿಳಿಯದಂತಾಗಿದೆ. ಅವರನ್ನು ದೂರದ ಉಪನಗರಕ್ಕೆ ಸಾಗಿಸಿದರೆ ಕೆಲಸವೂ ವಾಸವೂ ಒಂದೆಡೆಯಿರಬೇಕೆಂಬ ತತ್ತ್ವವನ್ನು ಯೋಜನೆಯೇ ಮೊದಲು ಮುರಿದಂತಾಗುವುದು.

ಕಾಲವು ಈ ಚರ್ಚೆಗಾಗಿ ಕಾದಿಲ್ಲ. 2024ರ ಜನವರಿಯಲ್ಲಿ ಶಿವಡಿಯಿಂದ ಕೊಲ್ಲಿಯನ್ನು ದಾಟುವ ಸುಮಾರು 22 ಕಿಲೋಮೀಟರಿನ ಅಟಲ್ ಸೇತು ತೆರೆಯಿತು. ಗುಲಾಬಿ ರಾಜಹಂಸಗಳು ಬಂದಿಳಿಯುವ ಕೆಸರುಬಯಲಿನ ನೆತ್ತಿಯ ಮೇಲೆಯೇ ಅದು ಹಾಯುತ್ತದೆ. 2025ರ ಸೆಪ್ಟೆಂಬರಿನಲ್ಲಿ ಬ್ಯಾಲಾರ್ಡ್ ಪಿಯರಿನ ಪ್ರವಾಸಿಹಡಗುಗಳ ನಿಲ್ದಾಣ ಉದ್ಘಾಟನೆಗೊಂಡಿತು. ದಂಡೆಯ ಎರಡೂ ತುದಿಗಳಲ್ಲಿ ಹೀಗೆ ನೆಲದ ಬೆಲೆ ಮೇಲೇರತೊಡಗಿರುವಾಗ ನಡುವಣ ಬಂದರುಗಳಲ್ಲಿ ಅವಧಿ ಮುಗಿದ ಪತ್ರಗಳನ್ನು ಹಿಡಿದವರ ಕೈ ದಿನೇ ದಿನೇ ದುರ್ಬಲವಾಗುತ್ತಿದೆ. ಯೋಜನೆಯ ಮುಂದಿನ ಆವೃತ್ತಿಯೊಡನೆ, ಯಾವ ನಿವೇಶನ ಯಾರ ವಶದಲ್ಲಿದೆ, ಅವರ ಗುತ್ತಿಗೆ ಎಂದು ಮುಗಿಯಿತು ಅಥವಾ ಮುಗಿಯಲಿದೆ, ಹೊಸ ಗುತ್ತಿಗೆ ಯಾವ ದರದಲ್ಲಿ ಎಷ್ಟು ಕಾಲಕ್ಕೆ ಯಾರಿಗೆ ಎಂಬ ಪಟ್ಟಿಯೊಂದು ಮರಾಠಿಯಲ್ಲಿಯೂ ಇಂಗ್ಲಿಷಿನಲ್ಲಿಯೂ ಪ್ರಕಟವಾಗತಕ್ಕದ್ದು. ಆಕ್ಷೇಪಣೆಗಳನ್ನು ಆಹ್ವಾನಿಸಬೇಕಾದುದು ಆ ಪಟ್ಟಿಯ ಮೇಲೆ.